ಏಳು ತಿಂಗಳು ಕೊಟ್ಟಿಗೆ ಪಕ್ಕದಲ್ಲಿ ನಿಂತ ಬೈಕು

ಈ ಸಲ ದೀಪಾವಳಿಗೆ ಊರಿಗೆ ಹೋದವನು ನಾಲ್ಕು ದಿನದಲ್ಲಿ ಎರಡೂವರೆ ದಿನ ಅಂಗಳದಲ್ಲಿ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತೇ ಕಳೆದೆ. ಕೈಯೆಲ್ಲ ಗ್ರೀಸು. ಹಬ್ಬದ ಹೋಳಿಗೆಯನ್ನೂ ಅಮ್ಮನೇ ಬಾಯಿಗೆ ಹಾಕಬೇಕಾಯಿತು. ಮೂವತ್ತೆಂಟು ವರ್ಷದ ಗಂಡಸು ಹೇಳಿಕೊಳ್ಳುವ ವಿಷಯ ಅಲ್ಲ ಇದು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಊರಲ್ಲೊಂದು ಬೈಕ್ ನಿಲ್ಲಿಸಿ ಬಂದು ಬೆಂಗಳೂರಲ್ಲಿ ಕೂತವನು ನಾನೊಬ್ಬನೇ ಅಲ್ಲ.

ಬೈಕು ಅಪ್ಪನದು. ನೂರು ಸಿಸಿಯ ಹಳೇ ಗಾಡಿ, ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಇರುವಂಥದ್ದು, ಸೆಲ್ಫ್ ಇಲ್ಲ, ಬರೀ ಕಿಕ್. ಮೊಣಕಾಲಿನ ಆಪರೇಷನ್ ಆದಮೇಲೆ ಅಪ್ಪ ಓಡಿಸುವುದನ್ನು ಬಿಟ್ಟರು. ಯುಗಾದಿಗೆ ಹೋಗಿದ್ದಾಗ ನಾನೇ ಕೊನೆಯ ಸಲ ತೀರ್ಥಹಳ್ಳಿ ಪೇಟೆಗೆ ಓಡಿಸಿ, ತಂದು ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ನಿಲ್ಲಿಸಿ, ಚೆನ್ನಾಗಿ ತೊಳೆದು ಒರೆಸಿ, ಮೇಲೊಂದು ಟಾರ್ಪಾಲ್ ಹೊದಿಸಿ ಬಸ್ ಹತ್ತಿದ್ದೆ. ದೊಡ್ಡ ಕೆಲಸ ಮಾಡಿದೆ ಅಂತ ನನಗೇ ಖುಷಿ. ಆಮೇಲೆ ಏಳು ತಿಂಗಳು ಅದನ್ನು ಯಾರೂ ಮುಟ್ಟಲಿಲ್ಲ. ಅದರಲ್ಲಿ ನಾಲ್ಕು ತಿಂಗಳು ಮಳೆ. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಬೀಳುವ ಆಗುಂಬೆ ನಮಗೇನು ದೂರ ಅಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ದೇವರ ಪಟದ ಹಿಂದೂ ಬರುತ್ತದೆ, ಇನ್ನು ಬೈಕ್ ಯಾವ ಲೆಕ್ಕ.

ಟಾರ್ಪಾಲ್ ಎಳೆದಾಗ ನೋಡಬೇಕಿತ್ತು. ಎರಡೂ ಟೈರ್ ನೆಲಕ್ಕೆ ಕೂತಿದ್ದವು, ಚೈನು ಕೆಂಪಗಾಗಿತ್ತು, ಸೀಟಿನ ಮೇಲೆ ಹಸಿರು ಬೂಷ್ಟು. ಹಿಂದಿನ ಬ್ರೇಕ್ ತುಕ್ಕಿಗೆ ಹಿಡಿದುಕೊಂಡುಬಿಟ್ಟಿತ್ತು, ಹಿಂದೆ ಮುಂದೆ ನಾಲ್ಕು ಸಲ ಜಗ್ಗಿದ ಮೇಲೆ ಟಕ್ ಅಂತ ಬಿಟ್ಟಿತು. ಟ್ಯಾಂಕಿನ ಮುಚ್ಚಳಕ್ಕೆ ಕೀ ಹಾಕಲು ಹೋದರೆ ಕೀ ಒಳಗೇ ಹೋಗುತ್ತಿಲ್ಲ! ಬೀಗದ ತೂತಿನಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿ ಮನೆ ಕಟ್ಟಿಕೊಂಡಿತ್ತು. ಮಲೆನಾಡಿನವರಿಗೆ ಇದು ಹೊಸದಲ್ಲ, ಬಾಗಿಲ ಬೀಗ, ಗೋಡೆಯ ಮೊಳೆ ತೂತು, ನೀರಿನ ಪೈಪು, ಎಲ್ಲಿ ತೂತು ಕಂಡರೂ ಆ ಹುಳಕ್ಕೆ ಅದು ಸೈಟು ಇದ್ದಂತೆ. ಸೈಕಲ್ ಕಡ್ಡಿ ತಂದು ಕುಟ್ಟಿದೆ. ಒಣಗಿದ ಕಂಬಳಿ ಹುಳದಂಥ ಸಣ್ಣ ಚೂರುಗಳು ಉದುರಿದವು, ಮರಿ ಹುಟ್ಟಿದರೆ ತಿನ್ನಲಿ ಅಂತ ತಾಯಿ ಹುಳ ತುಂಬಿಟ್ಟಿದ್ದ ಬುತ್ತಿ ಅದು. ಮತ್ತೂ ಕುಟ್ಟಿ, ಒಂದಿಷ್ಟು ತೆಂಗಿನೆಣ್ಣೆ ಬಿಟ್ಟು, ಬಾಯಿಂದ ಊದಿ, ಅಂತೂ ಕೀ ತಿರುಗಿತು. ಒಳಗೆ ಒಂದೂವರೆ ಲೀಟರಿನಷ್ಟು ಪೆಟ್ರೋಲ್ ಕುಲುಕಾಡುತ್ತಿತ್ತು. ಸಾಕಲ್ಲ ಅಂದುಕೊಂಡು ಟೈರಿಗೆ ಗಾಳಿ ಹೊಡೆದು, ಚೋಕ್ ಎಳೆದು, ಕಿಕ್ ಹೊಡೆಯಲು ಶುರು ಮಾಡಿದೆ.

ನಲವತ್ತರವರೆಗೂ ಎಣಿಸಿದೆ, ಆಮೇಲೆ ಎಣಿಸುವುದನ್ನು ಬಿಟ್ಟೆ. ಎಂಜಿನ್ ಒಂದು ಸಲ ಕೆಮ್ಮಲೂ ಇಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಜನ ಸೇರಿದರು. ಊರಲ್ಲಿ ಬೈಕ್ ಸ್ಟಾರ್ಟ್ ಆಗದೇ ಇರುವಾಗ ಸಿಗುವಷ್ಟು ಸಲಹೆ ಮದುವೆ ಗೊತ್ತಾಗದೇ ಇರುವಾಗಲೂ ಸಿಗುವುದಿಲ್ಲ. "ಬ್ಯಾಟರಿ ಹೋಗಿದೆ ಕಣೋ, ಏಳು ತಿಂಗಳು ಅಂದ್ರೆ ಸುಮ್ನೆನಾ" ಅಂದರು ಚಿಕ್ಕಪ್ಪ. "ಬ್ಯಾಟರಿ ಗೀಟರಿ ಎಂತದೂ ಅಲ್ಲ ಮಾರಾಯ, ಇಳಿಜಾರಿಗೆ ತಳ್ಳು" ಅಂತ ಭಾವ. ಪಕ್ಕದ ಮನೆ ಹುಡುಗ ಬೈಕನ್ನು ಒಂದು ಪಕ್ಕಕ್ಕೆ ಮಲಗಿಸಿ ಎತ್ತಬೇಕು ಅಂತ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಜಗಲಿಯ ಕುರ್ಚಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದ ಅಪ್ಪ ಮಾತ್ರ ಏನೂ ಅನ್ನಲಿಲ್ಲ.

ಮೊದಲು ಬ್ಯಾಟರಿ ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಜಾಸ್ತಿ ಎಡವುವುದು ಇಲ್ಲೇ. ಬ್ಯಾಟರಿ ಸತ್ತಿತ್ತು, ಸುಳ್ಳಲ್ಲ. ಹಾರ್ನ್ ಇಲ್ಲ, ಇಂಡಿಕೇಟರ್ ಇಲ್ಲ. ಆದರೆ ಅಪ್ಪನ ಬೈಕಿನಂಥ ಹಳೇ ಕಿಕ್ ಗಾಡಿಗಳಲ್ಲಿ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಪ್ಲಗ್ಗಿಗೆ ಬೇಕಾದ ಕರೆಂಟು ಬ್ಯಾಟರಿಯಿಂದ ಬರುವುದಿಲ್ಲ. ಕಿಕ್ ಹೊಡೆದಾಗ ಎಂಜಿನ್ನಿನ ಪಕ್ಕದ ಮ್ಯಾಗ್ನೆಟ್ ಸುತ್ತುತ್ತದೆ, ಅಲ್ಲಿರುವ ಕಾಯಿಲಿನಲ್ಲಿ ಕರೆಂಟು ಹುಟ್ಟುತ್ತದೆ, ಅದು ಸಿಡಿಐ ಅನ್ನುವ ಸಣ್ಣ ಡಬ್ಬಿಗೆ ಹೋಗಿ ಅಲ್ಲಿಂದ ಕಿಡಿಯಾಗುತ್ತದೆ. ಬ್ಯಾಟರಿ ಕಿತ್ತು ಪಕ್ಕಕ್ಕಿಟ್ಟರೂ ಗಾಡಿ ಸ್ಟಾರ್ಟ್ ಆಗಬೇಕು. ಬೆಂಗಳೂರಿನಲ್ಲಿರುವ ನನ್ನ ಬೈಕಿನ ಕಥೆ ಬೇರೆ. 2020ರ ಲಾಕ್‌ಡೌನಿನಲ್ಲಿ ಅದು ಎರಡು ತಿಂಗಳು ಪಾರ್ಕಿಂಗಿನಲ್ಲಿ ನಿಂತಿತ್ತು, ಆಮೇಲೆ ಸೆಲ್ಫ್ ಒತ್ತಿದರೆ ಟಕ್ ಟಕ್ ಅಂತಷ್ಟೇ. ಅದು ಫ್ಯೂಯಲ್ ಇಂಜೆಕ್ಷನ್ ಗಾಡಿ, ಪೆಟ್ರೋಲ್ ಪಂಪಿಗೂ ಬ್ಯಾಟರಿ ಬೇಕು, ಕಂಪ್ಯೂಟರಿಗೂ ಬೇಕು, ಕಿಕ್ಕರ್ ಅಂತೂ ಇಲ್ಲವೇ ಇಲ್ಲ. ಅಲ್ಲಿ ಚಿಕ್ಕಪ್ಪ ಹೇಳಿದ್ದು ಸರಿಯಾಗುತ್ತಿತ್ತು. 12.6 ವೋಲ್ಟ್ ತೋರಿಸಬೇಕಾದ ಬ್ಯಾಟರಿ 11ರ ಹತ್ತಿರ ತೋರಿಸುತ್ತಿತ್ತು, ರಾತ್ರಿಯಿಡೀ ಚಾರ್ಜ್ ಹಾಕಿದ್ದಕ್ಕೆ ಬೆಳಿಗ್ಗೆ ಸ್ಟಾರ್ಟ್ ಆಯಿತು. ಹಾಗಾಗಿ ನಿಮ್ಮ ಗಾಡಿ ಯಾವ ಜಾತಿಯದು ಅಂತ ಮೊದಲು ತಿಳಿದುಕೊಳ್ಳಿ, ಆಮೇಲೆ ಬ್ಯಾಟರಿ ಅಂಗಡಿಗೆ ಹೋಗಿ.

ಭಾವನ ಮಾತಿಗೆ ಕಟ್ಟುಬಿದ್ದು ಇಳಿಜಾರಿಗೂ ತಳ್ಳಿದೆವು. ಎರಡನೇ ಗೇರ್ ಹಾಕಿ ಕ್ಲಚ್ ಹಿಡಿದರೆ ಚಕ್ರವೇ ತಿರುಗಲಿಲ್ಲ, ಕ್ಲಚ್ ಹಿಡಿದೇ ಇಲ್ಲವೇನೋ ಅನ್ನುವ ಹಾಗೆ. ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಇರುತ್ತವೆ, ಆದರೂ ತಿಂಗಳುಗಟ್ಟಲೆ ಒತ್ತಿಕೊಂಡೇ ನಿಂತರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೂರು ಜನ ಸೇರಿ ಗೇರಿನಲ್ಲೇ ಜಗ್ಗಿ ಜಗ್ಗಿ ಅದನ್ನು ಬಿಡಿಸಿದೆವು. ಇಳಿಜಾರಿನಿಂದ ಆದ ಉಪಕಾರ ಅಷ್ಟೇ. ಆಮೇಲೆ ಅದೇ ಬೈಕನ್ನು ಏರಿಗೆ ತಳ್ಳಿಕೊಂಡು ವಾಪಸ್ ಬರುವಾಗ ಭಾವನಿಗೆ ಯಾರದೋ ಫೋನ್ ಬಂತು.

ಸಂಜೆ ಹೊತ್ತಿಗೆ ಬುದ್ಧಿ ಬಂತು, ಪ್ಲಗ್ ಬಿಚ್ಚಿದೆ. ಇದನ್ನು ಮೊದಲನೇ ಹತ್ತು ಕಿಕ್ಕಿನ ನಂತರವೇ ಮಾಡಬೇಕಿತ್ತು. ಯಾಕೆಂದರೆ ಒಳಗೆ ಏನಾಗುತ್ತಿದೆ ಅಂತ ಸುಳ್ಳು ಹೇಳದೆ ಹೇಳುವುದು ಪ್ಲಗ್ ಒಂದೇ. ಬಿಚ್ಚಿದಾಗ ಅದು ಪೆಟ್ರೋಲಿನಲ್ಲಿ ನೆಂದು ವಾಸನೆ ಹೊಡೆಯುತ್ತಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ ಅಥವಾ ಚೋಕ್ ಎಳೆದು ಕಿಕ್ ಹೊಡೆದೂ ಹೊಡೆದೂ ಪೆಟ್ರೋಲ್ ಜಾಸ್ತಿಯಾಗಿದೆ ಅಂತ ಅರ್ಥ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ನನ್ನ ಕೈಯಲ್ಲಿದ್ದ ಪ್ಲಗ್ ನಲವತ್ತಕ್ಕೂ ಜಾಸ್ತಿ ಕಿಕ್ ತಿಂದಮೇಲೂ ಬೇಸಿಗೆಯ ಕಟ್ಟಿಗೆಯ ಹಾಗೆ ಒಣಗಿತ್ತು. ಕಿಡಿಯನ್ನೂ ನೋಡಿದೆ. ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ತಿರುಪಿನ ಭಾಗವನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು ಕಿಕ್ ಹೊಡೆಸಿದರೆ ಚಟ್ ಚಟ್ ಅಂತ ನೀಲಿ ಕಿಡಿ. ಕ್ಯಾಪಿನ ರಬ್ಬರ್ ಹಿಡಿದುಕೊಳ್ಳಿ, ಪ್ಲಗ್ಗನ್ನೇ ಹಿಡಿದರೆ ದೀಪಾವಳಿ ಕೈಯಲ್ಲೇ ಆಗುತ್ತದೆ. ಪೆಟ್ರೋಲ್ ಚೆಲ್ಲಿದ ಜಾಗದಲ್ಲಂತೂ ಈ ಪರೀಕ್ಷೆ ಬೇಡವೇ ಬೇಡ.

ಕಿಡಿ ಇದೆ, ಪೆಟ್ರೋಲ್ ಇಲ್ಲ. ಒಂದೇ ನಿಮಿಷದಲ್ಲಿ ಅರ್ಧ ಬೈಕ್ ಪಟ್ಟಿಯಿಂದ ಹೊರಗೆ ಹೋಯಿತು. ನಾನು ಮಧ್ಯಾಹ್ನವಿಡೀ ಹಾರಿದ್ದು ವ್ಯರ್ಥ.

ಪೇಟೆಯ ಒಬ್ಬ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಪಿಕಪ್ಪಿನಲ್ಲಿ ಹಾಕಿಕೊಂಡು ಬನ್ನಿ, ಕಾರ್ಬೊರೇಟರ್ ಹೊಸದು ಹಾಕಬೇಕು, ಹಬ್ಬ ಮುಗಿಯಲಿ ಅಂದ. ಗಾಡಿ ನೋಡದೆಯೇ! ನನಗೆ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ನಾನೇ ಬಿಚ್ಚುತ್ತೇನೆ ಅಂತ ತೀರ್ಮಾನಿಸಿದೆ. ಮುಂಚೆ ಯಾವತ್ತೂ ಬಿಚ್ಚಿದವನಲ್ಲ.

ಮಾರನೇ ದಿನ ಬೆಳಿಗ್ಗೆ ಕಾರ್ಬೊರೇಟರಿನ ಅಡಿಯಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿದೆ. ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನ ತಳದ ನಲ್ಲಿ, ತೆರೆದಿದ್ದರೆ ಅಲ್ಲಿಂದ ಸಣ್ಣ ಧಾರೆ ಬರಬೇಕು. ನನಗೆ ಬಂದದ್ದು ಕರೀ ಚಹಾದ ಬಣ್ಣದ ನಾಲ್ಕು ಹನಿ, ವಾರ್ನಿಶ್ ವಾಸನೆ. ಆಗ ಕಾಕ್ ಕಡೆ ನೋಡಿದೆ. ಯುಗಾದಿಯಿಂದ ತೆರೆದೇ ಇತ್ತು.

ಏನಾಗಿರುತ್ತದೆ ಅಂದರೆ, ಕಾರ್ಬೊರೇಟರಿನ ಅಡಿಯಲ್ಲಿ ಒಂದು ಸಣ್ಣ ಬಟ್ಟಲು ಇದೆ, ಅದರಲ್ಲಿ ನಾಲ್ಕೈದು ಚಮಚ ಪೆಟ್ರೋಲ್ ಯಾವಾಗಲೂ ನಿಂತಿರುತ್ತದೆ. ಬೈಕ್ ನಿಂತೇ ಇದ್ದರೆ ಅದರಲ್ಲಿನ ಹಗುರ ಅಂಶ ಆವಿಯಾಗಿ ಹೋಗುತ್ತದೆ, ಅಂಟು ಉಳಿಯುತ್ತದೆ. ಕಾಕ್ ಮುಚ್ಚಿದ್ದರೆ ಅಷ್ಟಕ್ಕೇ ಮುಗಿಯಿತು. ತೆರೆದಿದ್ದರೆ ಬಟ್ಟಲು ಖಾಲಿಯಾದಷ್ಟೂ ಅದರಲ್ಲಿ ತೇಲುವ ಫ್ಲೋಟ್ ಇಳಿಯುತ್ತದೆ, ಟ್ಯಾಂಕಿನಿಂದ ಹೊಸದು ಬಂದು ತುಂಬುತ್ತದೆ, ಅದೂ ಆವಿಯಾಗುತ್ತದೆ, ಮತ್ತಷ್ಟು ಅಂಟು. ಬೆಲ್ಲ ಕಾಯಿಸುವ ಕೊಪ್ಪರಿಗೆಗೆ ಹಾಲು ಹುಯ್ಯುತ್ತಲೇ ಇದ್ದ ಹಾಗೆ, ಕಬ್ಬಿನ ಹಾಲು. ಕೊನೆಗೆ ಆ ಅಂಟು ಪೆಟ್ರೋಲ್ ಒಳಗೆ ಬಿಡುವ ಸೂಜಿಯನ್ನೇ ಅದರ ಕುಳಿಯಲ್ಲಿ ಅಂಟಿಸಿಬಿಟ್ಟಿತ್ತು. ಬಟ್ಟಲಿಗೆ ಪೆಟ್ರೋಲ್ ಇಳಿಯುವ ದಾರಿಯೇ ಬಂದ್.

ಇಲ್ಲಿ ಒಂದು ಮಾತು. ಎಥನಾಲ್ ಮೇಲೆ ಗೂಬೆ ಕೂರಿಸಲು ನಾನು ಮನಸ್ಸಿನಲ್ಲೇ ತಯಾರಾಗಿದ್ದೆ. ಈಗ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಬೆರೆಸುತ್ತಾರೆ, 2030ಕ್ಕೆ ಅಂತ ಇದ್ದ ಗುರಿಯನ್ನು ಸರ್ಕಾರ 2025ಕ್ಕೇ ಎಳೆದುಕೊಂಡಿತು, ಯಾವ ಗಾಡಿ ಕೆಟ್ಟರೂ ಈಗ ಮೊದಲು ಬೈಸಿಕೊಳ್ಳುವುದು ಅದೇ. ಎಥನಾಲ್ ನೀರನ್ನು ಹೀರಿಕೊಳ್ಳುವುದು ನಿಜ. ನೀರು ಮಿತಿ ಮೀರಿದರೆ ನೀರು ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುವುದೂ ನಿಜ. ತಳದಲ್ಲೇ ಕಾಕ್ ಇರುವುದರಿಂದ ಎಂಜಿನ್ನಿಗೆ ಮೊದಲು ಹೋಗುವುದು ಅದೇ ಗಲೀಜು. ನಮ್ಮ ಮಳೆಗೆ ಇದು ಆಗಿಯೇ ಇರುತ್ತದೆ ಅಂತ ಟ್ಯಾಂಕಿನ ಪೆಟ್ರೋಲನ್ನೆಲ್ಲ ಗಾಜಿನ ಬಾಟಲಿಗೆ ಇಳಿಸಿ, ರಾತ್ರಿಯಿಡೀ ಜಗಲಿಯ ಮೂಲೆಯಲ್ಲಿಟ್ಟು, ಮೂರನೇ ದಿನ ಬೆಳಿಗ್ಗೆ ಹೋಗಿ ನೋಡಿದೆ. ಎರಡು ಪದರ ಇರಲಿಲ್ಲ. ಹಳಸಿದ ವಾಸನೆ ಇತ್ತು, ತಳದಲ್ಲಿ ಚಿಟಿಕೆ ತುಕ್ಕಿನ ಪುಡಿ ಇತ್ತು, ನೀರು ಇರಲಿಲ್ಲ. ತಪ್ಪು ಎಥನಾಲಿನದಲ್ಲ, ಕಾಕ್ ಮುಚ್ಚದ ಮಹಾನುಭಾವನದು. ಬೇಜಾರಾಯಿತು.

ಕಾರ್ಬೊರೇಟರ್ ಬಿಚ್ಚುವುದು ಅಂದುಕೊಂಡಷ್ಟು ಕಷ್ಟ ಅಲ್ಲ. ಎಂಜಿನ್ ಕಡೆ ಎರಡು ಬೋಲ್ಟು, ಏರ್ ಫಿಲ್ಟರ್ ಕಡೆ ಒಂದು ಕ್ಲಿಪ್ಪು, ಮೇಲೆ ಎಕ್ಸಲೇಟರ್ ಕೇಬಲ್ ಬರುವ ಮುಚ್ಚಳ, ಪೆಟ್ರೋಲ್ ಪೈಪು. ಒಂದೊಂದು ಬಿಚ್ಚುವಾಗಲೂ ಫೋಟೋ ತೆಗೆದುಕೊಂಡೆ, ಬಿಳಿ ಪಂಚೆ ಹಾಸಿ ಅದರ ಮೇಲೆ ಸಾಲಾಗಿ ಇಟ್ಟೆ (ಪಂಚೆ ಈಗ ಬಿಳಿ ಇಲ್ಲ, ಅಮ್ಮನಿಗೆ ಇನ್ನೂ ಗೊತ್ತಿಲ್ಲ). ಕಷ್ಟ ಕೊಟ್ಟದ್ದು ಬಟ್ಟಲಿನ ಸ್ಕ್ರೂಗಳು. ತುಕ್ಕು ಹಿಡಿದ ಸ್ಟಾರ್ ಸ್ಕ್ರೂಗೆ ಸಣ್ಣ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದಿರೋ, ತಲೆ ಸವೆದುಹೋಗಿ ಅಲ್ಲಿಗೆ ಕಥೆ ಮುಗಿಯುತ್ತದೆ. ಸರಿಯಾದ ಅಳತೆಯದ್ದು ಇಟ್ಟು, ಹಿಂದಿನಿಂದ ಸುತ್ತಿಗೆಯಲ್ಲಿ ಎರಡು ಮೆಲ್ಲಗೆ ತಟ್ಟಿ, ಒತ್ತಿ ತಿರುಗಿಸಬೇಕು.

ಬಟ್ಟಲಿನ ತಳದಲ್ಲಿ ಹಲಸಿನ ಮೇಣದಂಥ ಕಂದು ಪದರ. ಅದನ್ನು ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ಫ್ಲೋಟಿನ ಸೂಜಿ ಎಳೆದಾಗ ಅಂಟು ಬಿಟ್ಟ ಸದ್ದೇ ಕೇಳಿಸಿತು. ಆಮೇಲೆ ಜೆಟ್ಟುಗಳು. ಹಿತ್ತಾಳೆಯ ಎರಡು ಸಣ್ಣ ಸ್ಕ್ರೂಗಳಂಥವು, ನಡುವೆ ತೂತು. ದೊಡ್ಡದು ಮೇನ್ ಜೆಟ್, ಅದರಲ್ಲಿ ಬೆಳಕು ಕಂಡಿತು. ಚಿಕ್ಕದು ಪೈಲಟ್ ಜೆಟ್, ಬೈಕ್ ಸ್ಲೋನಲ್ಲಿ ನಿಲ್ಲುವುದಕ್ಕೂ ಸ್ಟಾರ್ಟ್ ಆಗುವುದಕ್ಕೂ ಇದೇ ಆಧಾರ, ಇದರ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಸೂರ್ಯನಿಗೆ ಹಿಡಿದು ನೋಡಿದೆ. ಕತ್ತಲೆ. ಸ್ಪ್ರೇ ಹೊಡೆದೆ, ಊದಿದೆ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆ, ಕತ್ತಲೆ. ಸೂಜಿ ತರುತ್ತೇನೆ ಅಂತ ಎದ್ದವನನ್ನು ಜಗಲಿಯಿಂದ ಅಪ್ಪ ತಡೆದರು. ಅವರ ಮೊದಲನೇ ಮಾತು ಅದು: "ಸೂಜಿ ಹಾಕ್ಬೇಡ. ಹಿತ್ತಾಳೆ ಮೆತ್ತಗಿರ್ತದೆ, ತೂತು ದೊಡ್ಡದಾದ್ರೆ ಆಮೇಲೆ ಪೆಟ್ರೋಲ್ ಕುಡೀತದೆ." ಹಳೇ ವೈರೊಂದನ್ನು ಸುಲಿದು, ಒಳಗಿನ ತಾಮ್ರದ ಎಳೆಗಳಲ್ಲಿ ಒಂದೇ ಒಂದು ಎಳೆ ಆರಿಸಿ, ಜೆಟ್ಟನ್ನು ಒಂದು ಗಂಟೆ ಸ್ಪ್ರೇಯಲ್ಲಿ ನೆನೆಸಿ, ಮೆಲ್ಲಗೆ ಪೋಣಿಸಿದೆ. ಮೂರನೇ ಸಲಕ್ಕೆ ಎಳೆ ಆಚೆ ಬಂತು. ಮತ್ತೆ ಸೂರ್ಯನಿಗೆ ಹಿಡಿದೆ. ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕಿ. ಆಫೀಸಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿ ಒಂದು ದಿನವೂ ಅಷ್ಟು ಖುಷಿ ಆಗಿಲ್ಲ, ನಿಜ ಹೇಳುತ್ತೇನೆ.

ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಇರಬಹುದು ಅಂತ ಹೆದರಿದ್ದೆ, ಎರಡು ಜಿರಲೆ ಬಿಟ್ಟರೆ ಏನೂ ಇರಲಿಲ್ಲ. ಎಂಜಿನ್ ಆಯಿಲ್ ಕಡ್ಡಿ ತೆಗೆದು ನೋಡಿ ಮಟ್ಟ ಸರಿ ಇದೆ ಅಂತ ಖಚಿತ ಮಾಡಿಕೊಂಡೆ. ಪ್ಲಗ್ ತೂತಿನಿಂದ ನಾಲ್ಕು ಹನಿ ಆಯಿಲ್ ಬಿಟ್ಟು ಕೀ ಆಫ್ ಮಾಡಿಯೇ ಹತ್ತು ಸಲ ಮೆಲ್ಲಗೆ ಕಿಕ್ ಒತ್ತಿದೆ, ಏಳು ತಿಂಗಳು ಒಣಗಿದ ಪಿಸ್ಟನ್ನಿಗೆ ಅಷ್ಟಾದರೂ ಬೇಕಲ್ವಾ. ಚಿಕ್ಕಪ್ಪನ ಬೈಕಿನಿಂದ ಒಂದು ಬಾಟಲಿ ಒಳ್ಳೇ ಪೆಟ್ರೋಲ್ ಇಳಿಸಿಕೊಂಡು ಟ್ಯಾಂಕಿಗೆ ಹುಯ್ದೆ. ಚೋಕ್. ಒಂದು, ಎರಡು, ಮೂರನೇ ಕಿಕ್ಕಿಗೆ ಬೈಕ್ ಕೆಮ್ಮಿ, ಅಂಗಳದ ತುಂಬ ಬಿಳಿ ಹೊಗೆ ಬಿಟ್ಟು, ಸ್ಟಾರ್ಟ್ ಆಯಿತು. ಹತ್ತು ನಿಮಿಷ ಸ್ಲೋನಲ್ಲಿ ಬಿಟ್ಟೆ. ಗೇಟಿನವರೆಗೆ ನಾಲ್ಕು ಸುತ್ತು ಹೊಡೆದೆ. ಬ್ಯಾಟರಿ ಅಂದಿದ್ದ ಚಿಕ್ಕಪ್ಪ "ನಾನಾಗ್ಲೇ ಹೇಳ್ಲಿಲ್ವಾ ಪೆಟ್ರೋಲೇ ಅಂತ" ಅಂದರು.

ಇಲ್ಲಿಗೆ ಮುಗಿಯಬೇಕಿತ್ತು.

ಮೂರನೇ ದಿನ ತೀರ್ಥಹಳ್ಳಿಗೆ ಹೊರಟೆ, ಎಂಟು ಕಿಲೋಮೀಟರ್, ಎಲ್ಲೂ ತೊಂದರೆ ಇಲ್ಲ. ಬಂಕಿನಲ್ಲಿ ಉತ್ಸಾಹಕ್ಕೆ ಬಿದ್ದು ಕುತ್ತಿಗೆಯವರೆಗೆ ಫುಲ್ ಟ್ಯಾಂಕ್ ಮಾಡಿಸಿದೆ. ವಾಪಸ್ ಎರಡು ಕಿಲೋಮೀಟರ್ ಬಂದಿರಬೇಕು, ಬೈಕ್ ಒಂದೆರಡು ಸಲ ಜಗ್ಗಿ ಸುಮ್ಮನಾಯಿತು. ಕಿಕ್ ಹೊಡೆದರೆ ಉಸಿರಿಲ್ಲ. ತುಂಬಿದ ಟ್ಯಾಂಕು, ತೊಳೆದ ಕಾರ್ಬೊರೇಟರು, ಹೊಸ ಪೆಟ್ರೋಲು, ಆದರೂ ಹೀಗೆ. ಮತ್ತೆ ಪ್ಲಗ್ ಬಿಚ್ಚಿದೆ, ಈ ಸಲ ಬುದ್ಧಿವಂತ. ಒಣ. ನಾನು ಸರಿಯಾಗಿ ಜೋಡಿಸಿಲ್ಲ, ಸೂಜಿ ಮತ್ತೆ ಅಂಟಿದೆ, ಆ ಮೆಕ್ಯಾನಿಕ್ ಹೇಳಿದ್ದೇ ಸರಿ ಅಂತೆಲ್ಲ ರಸ್ತೆ ಬದಿಯಲ್ಲಿ ಕೂತು ನನ್ನನ್ನೇ ಬೈದುಕೊಂಡೆ. ಬಂಕಿನವರು ಪೆಟ್ರೋಲ್ ಹಾಕಿದ್ದಾರೋ ಇಲ್ಲವೋ ಅಂತ ಅನುಮಾನ ಬಂದು ಮುಚ್ಚಳ ತೆಗೆದೆ. ಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡಿತು. ಪೆಟ್ರೋಲ್ ಇತ್ತು. ಮುಚ್ಚಿ ಕಿಕ್ ಹೊಡೆದರೆ ಐದಾರು ಕಿಕ್ಕಿಗೆ ಸ್ಟಾರ್ಟ್! ಮತ್ತೆ ಎರಡು ಕಿಲೋಮೀಟರಿಗೆ ನಿಂತಿತು. ಮತ್ತೆ ಮುಚ್ಚಳ ತೆಗೆದೆ, ಮತ್ತೆ ಸ್ಸ್. ಆಗ ಹೊಳೆಯಿತು.

ಟ್ಯಾಂಕಿನಿಂದ ಪೆಟ್ರೋಲ್ ಕೆಳಗೆ ಇಳಿಯಬೇಕಾದರೆ ಮೇಲಿನಿಂದ ಅಷ್ಟೇ ಗಾಳಿ ಒಳಗೆ ಬರಬೇಕು. ಅದಕ್ಕೆ ಮುಚ್ಚಳದಲ್ಲಿ ಒಂದು ಸಣ್ಣ ಉಸಿರಿನ ತೂತು ಇರುತ್ತದೆ. ಕುಂಬಾರ ಹುಳದ ಮಣ್ಣನ್ನು ನಾನು ಸೈಕಲ್ ಕಡ್ಡಿಯಲ್ಲಿ ಕುಟ್ಟಿ, ತೆಂಗಿನೆಣ್ಣೆ ಹಾಕಿ ಕಲಸಿ, ಊದಿ, ನೇರ ಆ ತೂತಿಗೇ ತುರುಕಿದ್ದೆ. ಹುಳ ಕಟ್ಟಿದ್ದು ಬರೀ ಬೀಗದ ತೂತಿಗೆ, ಉಸಿರು ಕಟ್ಟಿಸಿದ್ದು ನಾನು. ಹಾಗಾದರೆ ಹಿಂದಿನ ದಿನ ಯಾಕೆ ಓಡಿತು, ಪೇಟೆಯವರೆಗೆ ಯಾಕೆ ಬಂತು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಆಗ ಟ್ಯಾಂಕ್ ಹೆಚ್ಚುಕಡಿಮೆ ಖಾಲಿ ಇತ್ತು, ಒಳಗೆ ಎಂಟು ಲೀಟರಿನಷ್ಟು ಗಾಳಿ. ಅದರಡಿಯಿಂದ ಅರ್ಧ ಲೋಟ ಪೆಟ್ರೋಲ್ ಹೋದರೆ ಗಾಳಿಗೆ ಅದು ಲೆಕ್ಕಕ್ಕೇ ಇಲ್ಲ. ಫುಲ್ ಮಾಡಿಸಿದಾಗ ಮೇಲೆ ಉಳಿದದ್ದು ಒಂದು ಲೋಟದಷ್ಟು ಗಾಳಿ, ಎರಡು ಚಮಚ ಪೆಟ್ರೋಲ್ ಇಳಿಯುವಷ್ಟರಲ್ಲಿ ಅದು ಹಿಗ್ಗಿ ಹಿಗ್ಗಿ ಪೆಟ್ರೋಲನ್ನು ಮೇಲಿನಿಂದಲೇ ಹಿಡಿದುಕೊಂಡಿತು. ಬಟ್ಟಲಿನಲ್ಲಿದ್ದದ್ದು ಖರ್ಚಾಗುವವರೆಗೆ ಓಡಿದೆ, ಆಮೇಲೆ ಬಂದ್. ಸ್ಟ್ರಾದ ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿದರೆ ಎಳನೀರು ಕೆಳಗೆ ಬೀಳುವುದಿಲ್ಲವಲ್ಲ, ಅದೇ.

ಉಳಿದ ದಾರಿ ಪ್ರತಿ ಕಿಲೋಮೀಟರಿಗೂ ನಿಲ್ಲಿಸಿ ಮುಚ್ಚಳ ತೆಗೆದು ಹಾಕಿ ಮನೆ ಸೇರಿದೆ. ಪ್ಯಾಂಟಿನ ಮೇಲೆ ಪೆಟ್ರೋಲ್ ತುಳುಕಿ ಎರಡು ದಿನ ಅದೇ ವಾಸನೆ. ಮುಚ್ಚಳವನ್ನು ಪೆಟ್ರೋಲಿನಲ್ಲಿ ನೆನೆಸಿ ಅದೇ ತಾಮ್ರದ ಎಳೆಯಿಂದ ಕೆದಕಿದಾಗ ಎಣ್ಣೆಮಣ್ಣಿನ ಒಂದು ಸಣ್ಣ ಬತ್ತಿ ಹೊರಗೆ ಬಂತು. ಬಾಯಿಟ್ಟು ಊದಿದೆ, ಗಾಳಿ ಸಲೀಸು.

ಅಪ್ಪ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಇದರ ಮೇಲೆ ಒಂದು ಸೈಕಲ್ ಟ್ಯೂಬಿನ ತುಂಡು ಕಟ್ಟಿದ್ನಲ್ಲ, ಎಲ್ಲಿ ಹೋಯ್ತು?" ಅಂತ ಕೇಳಿದರು. ಯುಗಾದಿಗೆ ಬೈಕ್ ತೊಳೆದಾಗ ನಾನೇ ಕಿತ್ತು ಬಚ್ಚಲ ಒಲೆಗೆ ಎಸೆದಿದ್ದೆ, ಕೊಳಕಾಗಿದೆ ಅಂತ. ಹೇಳಿದೆ. "ರಾತ್ರಿ ಕಾಕ್ ಬಂದ್ ಮಾಡ್ತಿದ್ದೆ ನಾನು, ಹದಿನೆಂಟು ವರ್ಷ" ಅಂದರು. ಮೊದಲೇ ಹೇಳಬಾರದಿತ್ತಾ ಅಂದರೆ, "ನೀ ಕೇಳಿದ್ಯಾ? ಫೋನಲ್ಲಿ ಯಾರ್ಯಾರನ್ನೋ ಕೇಳ್ತಿದ್ದೆ."

ಹೊಸ ಟ್ಯೂಬಿನ ತುಂಡು ಕತ್ತರಿಸಿ ಕಟ್ಟಿದ್ದೇನೆ. ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ಸ್ಕ್ರೂ ಬಿಚ್ಚಿ ಉಳಿದದ್ದನ್ನೂ ಸೋರಿಸಿದ್ದೇನೆ. ಚಿಕ್ಕಪ್ಪನ ಮಗ ಹದಿನೈದು ದಿನಕ್ಕೊಮ್ಮೆ ಪೇಟೆಗೆ ಒಂದು ಸುತ್ತು ಓಡಿಸುತ್ತೇನೆ ಅಂದಿದ್ದಾನೆ, ಪೆಟ್ರೋಲ್ ನನ್ನದು. ಹೊರಡುವ ದಿನ ಜಗಲಿಯಲ್ಲಿ ಕೂತು ಶೂ ಹಾಕಿಕೊಳ್ಳುತ್ತಿದ್ದಾಗ ಗೋಡೆಯ ಪ್ಲಗ್ ಪಾಯಿಂಟ್ ಕಡೆ ಕಣ್ಣು ಹೋಯಿತು. ರಾತ್ರಿ ಅದಕ್ಕೇ ಮೊಬೈಲ್ ಚಾರ್ಜ್ ಹಾಕಿದ್ದೆ. ಮೂರು ತೂತಿನಲ್ಲಿ ಒಂದು ಆಗಲೇ ಹಸಿ ಮಣ್ಣಿನಿಂದ ಮುಚ್ಚಿತ್ತು.